ಅಕ್ಕನನ್ನು ಕೊಟ್ಟು ತಂದ ಕಪ್

ಮಗಳ ಜನನಪತ್ರ ಹುಡುಕಲೆಂದು ಕಪಾಟಿನ ಮೇಲಿನ ಹಳೇ ಸೂಟ್‌ಕೇಸ್ ಇಳಿಸಿದರೆ ತಳದಲ್ಲಿ ಆಟಗಾರರು ಮೊಣಕಾಲಿಗೆ ಹಾಕುವ ಒಂದು ನೀ ಕ್ಯಾಪ್ ಸಿಕ್ಕಿತು. ಎಲಾಸ್ಟಿಕ್ ಸತ್ತು ಜೋತು ಬಿದ್ದಿತ್ತು. ಮೂಗಿನ ಹತ್ತಿರ ತಂದೆ. ನೋವಿನ ಮುಲಾಮಿನ ವಾಸನೆ ಇನ್ನೂ ಇತ್ತು... ಇಷ್ಟು ವರ್ಷಗಳಾದ ಮೇಲೂ. ಅದು ನಮ್ಮ ಎದುರು ಮನೆಯ ಅಕ್ಕನದು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಮಾನಿನ ಸೀಬ್ ಕಡೆಯ ಒಂದು ಕಟ್ಟಡದಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ನಾನಾಗ ಹೈಸ್ಕೂಲು. ಅಕ್ಕನ ಗಂಡ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅಕ್ಕ ಮದುವೆಗೆ ಮುಂಚೆ ಮಂಗಳೂರಿನಲ್ಲಿ ಕಾಲೇಜು ವಾಲಿಬಾಲ್ ತಂಡದ ಲಿಫ್ಟರ್ ಆಗಿದ್ದವರು. ಅಂದರೆ, ಬೇರೆಯವರು ಸ್ಮ್ಯಾಶ್ ಹೊಡೆದು ಚಪ್ಪಾಳೆ ಗಿಟ್ಟಿಸಲಿ ಎಂದು ಚೆಂಡನ್ನು ಹದವಾಗಿ ಎತ್ತಿಕೊಡುವವರು. ಕಟ್ಟಡದ ಹಿಂದಿನ ಮಣ್ಣಿನ ಜಾಗದಲ್ಲಿ ಕಲ್ಲು ಆರಿಸಿ, ಎರಡು ಪೈಪು ನೆಡಿಸಿ, ಅಡುಗೆಮನೆ ಬಿಟ್ಟು ಹೊರಗೆ ಬಾರದ ಹೆಂಗಸರನ್ನೂ ನನ್ನಂಥ ಪುಸ್ತಕದ ಹುಳುವನ್ನೂ ಅವರು ಆಟಕ್ಕೆ ಎಳೆದರು. ಶುಕ್ರವಾರ ಊಟ ಮುಗಿಸಿ ಗಂಡಸರು ಗೊರಕೆ ಹೊಡೆಯುವ ಹೊತ್ತಿಗೆ ನಾವು ದುಪಟ್ಟಾ ಸೊಂಟಕ್ಕೆ ಬಿಗಿದು ಅಲ್ಲಿರುತ್ತಿದ್ದೆವು. "ನಿಮ್ಮ ಕೈಯಲ್ಲಿ ಒಂದು ಕಪ್ ಹಿಡಿಸದೆ ನಾನು ಊರಿಗೆ ಹೋಗುದಿಲ್ಲ" ಎನ್ನುತ್ತಿದ್ದರು ಅಕ್ಕ. ಅವರಿಗಿದ್ದ ಆಸೆ ಅದೊಂದೇ.

ನಮ್ಮ ಜನರ ಸಂಘಗಳ ನಡುವೆ ವರ್ಷಕ್ಕೊಮ್ಮೆ ಹೆಂಗಸರ ಪಂದ್ಯ ನಡೆಯುತ್ತಿತ್ತು. ಒಂದು ವರ್ಷ ಫೈನಲ್ ತನಕ ಹೋಗಿ, ದೂರದ ಸೂರ್ ಪಟ್ಟಣದ ತಂಡದ ಒಬ್ಬ ಎತ್ತರದ ಹೆಂಗಸಿನ ಸ್ಮ್ಯಾಶ್‌ಗೆ ಸೋತು ಸುಣ್ಣವಾದೆವು. ನಮ್ಮ ಸಂಘದ ಅಧ್ಯಕ್ಷರ ಕಣ್ಣು ಅಂದೇ ಅವಳ ಮೇಲೆ ಬಿತ್ತು. ಅಕ್ಕನ ಗಂಡನ ಕಾರ್ಖಾನೆಗೆ ಮ್ಯಾನೇಜರ್ ಕೂಡ ಈ ಅಧ್ಯಕ್ಷರೇ.

ಆಗ ಒಂದು ಪದ್ಧತಿ ಇತ್ತು, ಹೇಳಲೂ ಅಸಹ್ಯ. ಆಟಗಾರ್ತಿ ಬೇಕಿದ್ದರೆ ಅವಳನ್ನು ಯಾರೂ ಕೇಳುತ್ತಿರಲಿಲ್ಲ, ಅವಳ ಗಂಡನಿಗೆ ಕೆಲಸ ಕೊಡಿಸುತ್ತಿದ್ದರು. ಗಂಡನ ವೀಸಾ ಎಲ್ಲಿಗೋ ಹೆಂಡತಿಯ ಆಟವೂ ಅಲ್ಲಿಗೆ. ಆ ಹೆಂಗಸಿನ ಗಂಡನೂ ಸೂರ್‌ನಲ್ಲಿ ಸ್ಟೋರ್‌ಕೀಪರ್. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅವನನ್ನು ಬಿಟ್ಟುಕೊಡಲು ಒಪ್ಪಿದ, ಆದರೆ ಬದಲಿಗೆ ಕೆಲಸ ಗೊತ್ತಿದ್ದ ಇನ್ನೊಬ್ಬ ಬೇಕೆಂದ. ಅಧ್ಯಕ್ಷರು ಅಕ್ಕನ ಗಂಡನನ್ನು ಕೊಟ್ಟುಬಿಟ್ಟರು. ಸಂತೆಯಲ್ಲಿ ಎಮ್ಮೆ ಬದಲಾಯಿಸುವವರಾದರೂ ನಾಲ್ಕು ಸಲ ಯೋಚಿಸುತ್ತಾರೆ.

ಆ ಸಂಜೆ ಅಧ್ಯಕ್ಷರು ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತ ಕೂತಿದ್ದರು. ಲಿಫ್ಟರೇ ಹೋದರೆ ತಂಡದ ಗತಿ ಏನು ಎಂದು ಅಪ್ಪ ಕೇಳಿದರು.

"ಎತ್ತಿಕೊಡ್ಲಿಕ್ಕೆ ಯಾರಾದ್ರೂ ಆಗ್ತದೆ ಮಾರಾಯ್ರೆ, ಹೊಡೀಲಿಕ್ಕೆ ಜನ ಬೇಕು. ಅದೆಲ್ಲ ನಾನು ಅಡ್ಜಸ್ಟ್ ಮಾಡ್ತೇನೆ. ಖಲಾಸ್."

ನಮ್ಮ ಬಾಗಿಲು ತೆರೆದಿತ್ತು. ಎದುರಿನ ಬಾಗಿಲೂ ತೆರೆದಿತ್ತು.

ಅಕ್ಕ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ನಾನು ಹೋಗಿ, "ನೀವು ಜಗಳ ಮಾಡಿ ಅಕ್ಕಾ" ಎಂದೆ. ಅವರು ತಲೆ ಎತ್ತಲಿಲ್ಲ.

"ಕಾಲೇಜಲ್ಲಿ ನನ್ನನ್ನೂ ಹೀಗೇ ತಂದದ್ದು, ಗೊತ್ತುಂಟಾ? ಬೇರೆ ಕಾಲೇಜಿಂದ ಎಬ್ಬಿಸಿ. ಫೀಸಿಲ್ಲ, ಹಾಸ್ಟೆಲ್ ಫ್ರೀ. ರೂಮಿಗೆ ಹೋಗಿ ನೋಡ್ತೇನೆ, ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ. ಮೊದಲಿದ್ದ ಲಿಫ್ಟರ್‌ದು. ಅವಳು ಎಲ್ಲಿ ಹೋದಳು ಅಂತ ನಾನು ಕೇಳ್ಲೇ ಇಲ್ಲ ಮಾರಾಯ್ತಿ. ಆ ವರ್ಷ ನಾವು ಕಪ್ ಗೆದ್ದೆವು."

ಆಮೇಲೆ ತಮ್ಮ ನೀ ಕ್ಯಾಪನ್ನು ನನ್ನ ಕೈಗಿಟ್ಟು, ಇನ್ನು ಎತ್ತಿಕೊಡುವವಳು ನೀನೇ ಎಂದರು...

ನಾವು ಗೆದ್ದೆವು. ಹೇಸಿಗೆಯಾಗುವುದು ಅದಕ್ಕೇ. ಸೋತಿದ್ದರೆ ಅಧ್ಯಕ್ಷರ ಮುಖ ನೋಡಿ ಒಂದಿಷ್ಟು ಸಮಾಧಾನವಾದರೂ ಪಡಬಹುದಿತ್ತು. ನಾನು ಎತ್ತಿಕೊಟ್ಟೆ, ಎತ್ತರದ ಹೆಂಗಸು ಹೊಡೆದಳು. ಪಾಪ, ಅವಳದ್ದೇನೂ ತಪ್ಪಿಲ್ಲ, ಅವಳನ್ನೂ ಯಾರೂ ಕೇಳಿರಲಿಲ್ಲ. ಅಧ್ಯಕ್ಷರು ಮೈಕ್ ಹಿಡಿದು, ಇದು ನಮ್ಮ ಒಗ್ಗಟ್ಟಿನ ಜಯ ಎಂದರು. ಅಕ್ಕ ಕಲಿಸಿದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ನನ್ನ ಅಮ್ಮನೂ ತಟ್ಟಿದಳು. ಅಕ್ಕನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಹಲ್ವಾ ಹಂಚಿದರು. ಇವತ್ತಿಗೂ ಒಮಾನಿ ಹಲ್ವಾದ ತಟ್ಟೆ ಬಂದರೆ ಮುಟ್ಟದೆ ಪಕ್ಕದವರಿಗೆ ದಾಟಿಸುತ್ತೇನೆ.

ಸೂರ್‌ನಲ್ಲಿ ಅಕ್ಕ ಮತ್ತೆ ಚೆಂಡು ಮುಟ್ಟಲಿಲ್ಲವಂತೆ. ಕೆಲವು ವರ್ಷಗಳಲ್ಲಿ ಊರಿಗೆ ಹೊರಟುಹೋದರು. ಅವರು ತೀರಿಕೊಂಡದ್ದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ, ಯಾರದೋ ಮದುವೆಯ ಪಂಕ್ತಿಯಲ್ಲಿ...

ನಾನೀಗಲೂ ಒಮಾನಿನಲ್ಲೇ, ಅಲ್ ಮವಾಲೇಹ್‌ನಲ್ಲಿದ್ದೇನೆ. ಮಗಳು ಪ್ಲಸ್ ಟೂ ಮುಗಿಸಿದ್ದಾಳೆ, ಅವಳೂ ಲಿಫ್ಟರ್. ಜನನಪತ್ರ ಬೇಕಾದದ್ದು ಕರಾವಳಿಯ ಒಂದು ಕಾಲೇಜಿಗೆ. ಸೂಟ್‌ಕೇಸ್ ಇನ್ನೂ ತೆರೆದಿರುವಾಗಲೇ ಅಲ್ಲಿನ ಕೋಚ್ ಫೋನ್ ಮಾಡಿದರು. ಹಾಸ್ಟೆಲ್ ಪೂರ್ತಿ ತುಂಬಿದೆ, ಆದರೂ ನಿಮ್ಮ ಮಗಳಿಗೆ ರೂಮ್ ಖಂಡಿತ ಎಂದರು.

"ಯಾರನ್ನು ಎಬ್ಬಿಸಿ?" ಎಂದೆ.

ಅವರು ನಕ್ಕರು. "ಅದೆಲ್ಲ ನಾವು ಅಡ್ಜಸ್ಟ್ ಮಾಡ್ತೇವೆ ಮೇಡಂ."

ಫೋನ್ ಇಟ್ಟೆ. ನಾನಾದರೂ ಕೇಳಿದೆ ಅಕ್ಕಾ, ಎಂದು ಹೇಳೋಣವೆಂದರೆ ಅಕ್ಕ ಇಲ್ಲ. ನೀ ಕ್ಯಾಪ್ ಕೈಯಲ್ಲೇ ಇತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗಳ ಮುಖ ಅರಳಿತ್ತು.

"ಅಮ್ಮಾ," ಎಂದಳು, "ಸಿಂಗಲ್ ರೂಮಾ?"