ಹರಿಗೋಲಿನಲ್ಲಿ ಕೂತ ಹೆಂಗಸರು

ಕುಣಿಗಲ್ ಕಡೆಯ ನಮ್ಮ ಕೆರೆಯಲ್ಲಿ ಮಿಲಿಟರಿಯವರು ಹೊಸ ಬಾಂಬುಗಳನ್ನು ಸಿಡಿಸಿ ನೋಡುತ್ತಾರಂತೆ ಎಂಬ ಸುದ್ದಿ ಬಂದದ್ದು ನಾನು ಮದುವೆಯಾಗಿ ಬಂದ ವರ್ಷ, ಎಂಬತ್ತರ ದಶಕದ ಶುರುವಿನಲ್ಲಿ. ಜೀಪಿನಲ್ಲಿ ಬಂದ ಸಾಹೇಬರು ಮೀನು ಹಿಡಿಯುವ ಗಂಡಸರನ್ನೆಲ್ಲ ಸೇರಿಸಿ, ನಾಳೆ ಬೆಳಗಾಗುವುದರೊಳಗೆ ಹರಿಗೋಲುಗಳೆಲ್ಲ ಕೆರೆ ಏರಿಯ ಮೇಲಿರಬೇಕು ಎಂದರು. ಗಂಡಸರು ಕೋಲೆಬಸವನ ಹಾಗೆ ತಲೆಯಾಡಿಸಿದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಅನುಮಾನ ಹುಟ್ಟಿಸಿತು.

ಸಂಜೆ ಊಟಕ್ಕೆ ಕೂತಾಗ ಗಂಡ ಬಾಯಿಬಿಟ್ಟ. "ಸಿಡಿದೇಟ್ಗೆ ಮೀನೆಲ್ಲ ಸತ್ತು ಮೇಲಕ್ ಬರ್ತವೆ ಕಣೇ. ಬಲೆ ಬೀಸೋ ಕೆಲ್ಸಾನೇ ಇಲ್ಲ. ಸದ್ದಾಗ್ತಿದ್ದಂಗೆ ನುಗ್ಗೋದೇ."

ಹರಿಗೋಲು ಬುಟ್ಟಿಯಂಥ ದೋಣಿ. ಒಬ್ಬನೇ ತಲೆಯ ಮೇಲೆ ಹೊತ್ತು ಓಡಬಲ್ಲ. ಏರಿಯ ಮೇಲಿಟ್ಟರೇನು, ಮನೆ ಮುಂದಿಟ್ಟರೇನು! ಗುಬ್ಬಿಯಲ್ಲಿ ನನ್ನಪ್ಪ ಬಂಡೆಗೆ ಮದ್ದು ತುಂಬುವ ಕೆಲಸದವನು. ಒಮ್ಮೆ ಎಲ್ಲ ಮುಗಿಯಿತೆಂದು ಮುಂದೆ ಹೋದ ಅವನ ಜೊತೆಗಾರ, ತಡವಾಗಿ ಸಿಡಿದ ಇನ್ನೊಂದು ಕುಳಿಯ ಮದ್ದಿಗೆ ಬಲಿಯಾಗಿದ್ದ. ಊಟ ಬಿಟ್ಟು ಎದ್ದೆ.

ಇದನ್ನೆಲ್ಲ ಅತ್ತೆಗೆ ಹೇಳಿದೆ. "ಮೀನು ಕಂಡ್ರೆ ಇವ್ರು ಹೆಂಡ್ತಿ ಮಾತೂ ಕೇಳಕ್ಕಿಲ್ಲ, ಅವ್ವನ ಮಾತೂ ಕೇಳಕ್ಕಿಲ್ಲ ಬುಡು," ಎಂದರು. ಆಮೇಲೆ, "ನಾವೇ ಹೋಗಿ ಹರಿಗೋಲ್ನೊಳಗೆ ಕೂತ್ಕಂಡ್ರೆ?" ಎಂದರು.

ರಾತ್ರಿಯೇ ಮನೆಮನೆಯ ಹೆಂಗಸರಿಗೂ ಹೇಳಿ ಬಂದರು. ಬೆಳಿಗ್ಗೆ ಏರಿಯ ಮೇಲೆ ಒಂದೊಂದು ಹರಿಗೋಲಿನಲ್ಲೂ ಆ ಮನೆಯ ಹೆಂಗಸು ಹತ್ತಿ ಕೂತಳು. ಅತ್ತೆ ನನ್ನ ಗಂಡನ ಅಣ್ಣನ ಹರಿಗೋಲಿನಲ್ಲಿ ಕೂತರು. ನಾನು ಬಸುರಿ, ನಮ್ಮದರಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಸಾಹೇಬರು ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಭಯವಿತ್ತು.

ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಬಡಿಯಿತು. ನೀರು ತೆಂಗಿನ ಮರದೆತ್ತರ ಎದ್ದು ಬಿತ್ತು. ಹಿಂದೆಯೇ ಮೀನು ಬೆಳ್ಳಗೆ ತೇಲಿದವು. ಮುಗಿಯಿತು ಎಂದು ಕೈಬೀಸಿ ಸಾಹೇಬರು ಜೀಪು ಹತ್ತಿದರು.

"ಏಳೇ, ಮುಗೀತಂತೆ!" ಗಂಡ ಹರಿಗೋಲಿನ ಅಂಚು ಹಿಡಿದು ಅಲ್ಲಾಡಿಸಿದ.

"ನನ್ನನ್ನೂ ಸೇರ್ಸಿ ಹೊತ್ಕಂಡೋಗು."

ಬೈದ. ಗೋಗರೆದ. ಪಕ್ಕದಲ್ಲಿ ಅವನ ಅಣ್ಣ ಅತ್ತೆಯ ಕಾಲು ಹಿಡಿಯುವುದೊಂದೇ ಬಾಕಿ. ಯಾರೂ ಏಳಲಿಲ್ಲ.

ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ. ಮೀನು ತೇಲುತ್ತಿದ್ದ ಜಾಗದಲ್ಲೇ ಎರಡನೆಯ ಬಾಂಬು ತಡವಾಗಿ ಸಿಡಿಯಿತು.

ಗಂಡನ ಕೈ ಅಂಚಿನ ಮೇಲೆಯೇ ಇತ್ತು. "ಇನ್ನೂ ಒಂದೈತೇನೋ, ಯಾರಾದ್ರೂ ಕೇಳ್ರೋ," ಎಂದ. ಕೇಳುವುದಕ್ಕೆ ಅಲ್ಲಿ ಸಾಹೇಬರು ಯಾರೂ ಇರಲಿಲ್ಲ. ಹೊತ್ತು ಮುಳುಗುವವರೆಗೂ ನಾವು ಹರಿಗೋಲಿನಿಂದ ಇಳಿಯಲಿಲ್ಲ.