ಪರದೆ ನುಂಗಿದ ರಜೆ

ಬಸ್ ಡಿಪೊದ ಕಂಪ್ಯೂಟರ್ ಕೋಣೆಯಲ್ಲಿ ಕೂರುವ ಆಸಾಮಿಗೆ ಚಾಲಕರಿಟ್ಟ ಹೆಸರು ಬ್ರಹ್ಮ. ಯಾರಿಗೆ ಯಾವ ಪಾಳಿ, ಯಾವತ್ತು ರಜೆ ಎಂದು ಎಲ್ಲರ ಹಣೆಬರಹ ಬರೆಯುವವನು ಅವನೇ ತಾನೆ! ಕಿಟಕಿಯಿಲ್ಲದ ಕೋಣೆ, ಕುಂಟುವ ಕುರ್ಚಿ, ಗೊರಗುಟ್ಟುವ ಫ್ಯಾನು. ಬ್ರಹ್ಮಲೋಕಕ್ಕೆ ಇನ್ನೇನು ಬೇಕು?

ಅವನು ಬರೆದ ಶೆಲ್ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ಪಾಳಿಪಟ್ಟಿಯನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತಿತ್ತು. ಅದನ್ನೇ ವೆಬ್ ಪುಟ ಮಾಡಿ ಚಾಲಕರ ಕೋಣೆಯ ಪರದೆಗೆ ಹಾಕಿ ಎಂದರು ಸಾಹೇಬರು. ಹಾಕಿದ. ಬ್ರೌಸರ್ ಎಂಬ ಬಕಾಸುರ ಸಾಲುಗಳನ್ನೂ ಖಾಲಿ ಜಾಗಗಳನ್ನೂ ತಿಂದು ಪಟ್ಟಿಯನ್ನು ಉಂಡೆ ಕಟ್ಟಿತು. ರಜೆಯ ಗುರುತಾದ <R> ಅನ್ನಂತೂ ತನಗೆ ಕೊಟ್ಟ ಆಜ್ಞೆಯೆಂದು ಭಾವಿಸಿ ಗುಳುಂ ಮಾಡಿತು.

"ಬ್ರಹ್ಮಣ್ಣ, ನನ್ನ ರಜೆ ಎಲ್ಲಪ್ಪಾ?" ಎಂದ ದಪ್ಪಮೀಸೆಯ ಚಾಲಕ. "ಮಾವನ ಮನೆಗೆ ಹೋಗ್ಬೇಕಿತ್ತು. ಬಸ್ಸನ್ನೇ ತಗೊಂಡ್ಹೋಗ್ಲಾ?"

ಸಾಹೇಬರು ನಗಲಿಲ್ಲ. "ಸೋಮವಾರದೊಳಗೆ ಸರಿಹೋಗ್ದಿದ್ರೆ ಕೆಲಸ ಹೊರಗಿನ ಕಂಪನಿಗೆ. ನೀವು ಪಾರ್ಸಲ್ ಗೋದಾಮಿಗೆ."

"ಆ ಧೂಳಿಗೆ ನಿಮ್ಮ ಉಬ್ಬಸ ಸುಮ್ನಿರುತ್ತೇನ್ರೀ?" ಎಂದು ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಬಟ್ಟೆ ಮಡಚುವುದನ್ನೇ ಬಿಟ್ಟಳು.

ಬ್ರಹ್ಮ ಟೊಂಕ ಕಟ್ಟಿದ. ಪಟ್ಟಿಯ ಆಚೀಚೆ <pre> ಎಂಬ ಕಾವಲು ನಿಲ್ಲಿಸಿದ. ಸಾಲು, ಜಾಗ ಮರಳಿ ಬಂದವು. ಆಮೇಲೆ, ಬಕಾಸುರ ಆಜ್ಞೆಯೆಂದು ನುಂಗದಂತೆ, < ಗೆ &lt; ವೇಷ, > ಗೆ &gt; ವೇಷ. ಮಾರ್ಗಗಳ ಹೆಸರಿನ ನಡುವಿನ & ಗೂ &amp; ವೇಷ ಬೇಕಿತ್ತು; ಅದನ್ನು ಕೊನೆಗೆ ಹಾಕಿದ. ಅಲ್ಲೇ ಎಡವಿದ್ದು. ಆ ಕೊನೆಯ ವೇಷ, ಆಗಷ್ಟೇ ವೇಷ ಕಟ್ಟಿ ನಿಂತಿದ್ದ ಗುರುತುಗಳಲ್ಲಿನ & ಗೂ ಮೆತ್ತಿಕೊಂಡಿತು.

ಸೋಮವಾರ ಪರದೆಯ ತುಂಬ &lt;R&gt;.

"ರಜೆಗೆ ಕೊಂಬು, ಬಾಲ ಎರಡೂ ಬಂದಿದೆಯಲ್ಲೋ!" ದಪ್ಪಮೀಸೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರು ಫೋನ್ ಹಿಡಿದು ಹೊರಗೆ ಹೋದರು.

ಬ್ರಹ್ಮನಿಗೆ ತಕ್ಷಣ ಹೊಳೆಯಿತು. ಸ್ಕ್ರಿಪ್ಟಿನಲ್ಲಿ ಆ ಕೊನೆಯ ವೇಷದ ಸಾಲನ್ನು ಎಲ್ಲಕ್ಕಿಂತ ಮೊದಲಿಗೆ ತಂದ, ಅಷ್ಟೇ. ಪಟ್ಟಿ ಮುತ್ತು ಪೋಣಿಸಿದ ಹಾಗೆ ನಿಂತಿತು.

"ಸಾರ್, ನೋಡಿ, ಸರಿಹೋಯ್ತು!"

"ಹೌದಲ್ರೀ, ಚೆನ್ನಾಗಿದೆ," ಎಂದರು ಒಳಬಂದ ಸಾಹೇಬರು. "ಆದ್ರೆ ಆ ಕಂಪನಿಯವರಿಗೆ ಈಗಷ್ಟೇ ಫೋನಲ್ಲಿ ಮಾತು ಕೊಟ್ಟಾಯ್ತು. ಹೊಸಬರು ಬರೋ ಮುಂಚೆ ನಿಮ್ಮ ಪಾಳಿ ಬದಲಾವಣೆ ಒಂದು ಪಟ್ಟಿಗೆ ಹಾಕ್ಬಿಡಿ."

ಬ್ರಹ್ಮ ಹಾಕಿದ. ತನ್ನ ಹೆಸರಿನ ಮುಂದೆ ಗೋದಾಮು, ಗೋದಾಮು, ಗೋದಾಮು, ಕೊನೆಗೊಂದು <R>. ಒಂದು ಜಾಗವೂ ಅತ್ತಿತ್ತ ಸರಿಯಲಿಲ್ಲ, ಒಂದು ಗುರುತೂ ನುಂಗಿಹೋಗಲಿಲ್ಲ. ಬಕಾಸುರನಿಗೆ ಅಂದೇ ಹಸಿವಿರಲಿಲ್ಲ.