ಎಂಟು ಮನೆಯ ಅಕ್ಕಿ

ವಾಮಂಜೂರಿನ ಬಾಗಿ ಬೇಯಿಸಿದ ಭತ್ತವನ್ನು ಕುಟ್ಟಿದರೆ ನುಚ್ಚು ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಉಳಿದ ಮನೆಗಳ ಕುಚ್ಚಲಕ್ಕಿಯಲ್ಲಿ ಸೇರಿಗೆ ಒಂದು ಹಿಡಿಯಾದರೂ ಒಡೆದ ಕಾಳು ಇರುತ್ತಿತ್ತು. ಬಾಗಿಯ ಅಕ್ಕಿ ಮಾತ್ರ ಒನಕೆಯ ಪೆಟ್ಟಿಗೂ ಒಡೆಯದೆ, ಇಡಿ ಇಡಿಯಾಗಿ, ಕೆಂಪಗೆ ಹೊಳೆಯುತ್ತಿತ್ತು. ಬೇರೆಯವರು ಭತ್ತವನ್ನು ನೆನೆಸಿ ಒಂದು ಸಲ ಬೇಯಿಸಿದರೆ, ಅವಳು ಅದನ್ನು ಇನ್ನೊಂದು ದಿನ ನೀರಿನಲ್ಲೇ ಬಿಟ್ಟು ಮತ್ತೊಮ್ಮೆ ಬೇಯಿಸುತ್ತಿದ್ದಳು. ಅದು ಅವಳ ತಾಯಿ ಕಲಿಸಿದ ಕ್ರಮ. ಅಷ್ಟು ಸೌದೆ ಸುಡುವ ತಾಳ್ಮೆ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಮೂರನೆಯ ಇಸವಿಯಲ್ಲಿ ಬಾಗಿಗೆ ನಲವತ್ತರ ಹತ್ತಿರ ವಯಸ್ಸು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಅಣ್ಣ ಲೋಕಯ್ಯನ ಸಹಾಯದಿಂದ ಎರಡು ಗದ್ದೆಯ ಒಕ್ಕಲು ನಡೆಸುತ್ತಿದ್ದಳು. ಧಣಿಗಳಿಗೆ ಗೇಣಿ ಅಳೆದ ಮೇಲೆ ಉಳಿದ ಭತ್ತವೇ ಅವಳ ಬದುಕು. ಆದರೆ ಆ ವರ್ಷಗಳಲ್ಲಿ ಮಂಗಳೂರಿನ ಬಂದರಿಗೆ ರಂಗೂನಿನ ಅಕ್ಕಿ ಹಡಗುಗಟ್ಟಲೆ ಬರುತ್ತಿತ್ತು. ಅದು ಅಗ್ಗ. ಪೇಟೆಯವರು ಅದನ್ನೇ ಉಣ್ಣತೊಡಗಿದ್ದರು. ಊರಿನ ಭತ್ತವನ್ನು ಕೇಳಲು ಮಿಲ್ಲಿನವರು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಅವರು ಹೇಳಿದ್ದೇ ಕ್ರಯ. ನೆರೆಯ ಎರಡು ಮನೆಯವರು ಆಗಲೇ ಗದ್ದೆ ಬಿಟ್ಟುಕೊಟ್ಟು ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋಗಿದ್ದರು.

ಬಾಗಿ ವಾರಕ್ಕೆ ಎರಡು ಸಲ ಬಸಳೆ, ಹರಿವೆ, ಅಲಸಂಡೆಯ ಬುಟ್ಟಿ ಹೊತ್ತು ಮಂಗಳೂರಿನ ಕಂಕನಾಡಿಗೆ ನಡೆದು ಹೋಗುತ್ತಿದ್ದಳು. ಅಲ್ಲಿ ಗ್ಲ್ಯಾಡಿಸ್ ಬಾಯಿ ಎಂಬವರು ಹಂಚಿನ ಕಾರ್ಖಾನೆಯ ಇಪ್ಪತ್ತು ಕೆಲಸದವರಿಗೆ ಎರಡು ಹೊತ್ತಿನ ಊಟ ಹಾಕುವ ಮನೆ ನಡೆಸುತ್ತಿದ್ದರು. ಒಂದು ದಿನ ಬಾಗಿ ಧೈರ್ಯ ಮಾಡಿ ಕೇಳಿದಳು.

"ಬಾಯಮ್ಮ, ನೀವು ತರಕಾರಿ ಮಾತ್ರ ನಮ್ಮದು ತೆಗೆದುಕೊಳ್ತೀರಿ. ಅಕ್ಕಿ ಯಾಕೆ ಬೇಡ?"

"ನನಗೆ ತಿಂಗಳಿಗೆ ಎಂಟು ಮುಡಿ ಬೇಕು. ನಿನ್ನ ಹತ್ತಿರ ಉಂಟಾ?"

"ನನ್ನ ಹತ್ತಿರ ಇಲ್ಲ. ನಮ್ಮ ಊರಿನವರ ಹತ್ತಿರ ಉಂಟು."

ಗ್ಲ್ಯಾಡಿಸ್ ಬಾಯಿ ನಕ್ಕರು. "ಆಯ್ತು, ತಾ ನೋಡುವ."

ಬಾಗಿ ಏಳು ಮನೆಗಳ ಮೆಟ್ಟಿಲು ಹತ್ತಿ ಇಳಿದಳು; ತನ್ನದು ಸೇರಿ ಎಂಟು ಮನೆ. ಒಂದು ಮುಡಿ ಎಂದರೆ ಸುಮಾರು ನಲವತ್ತು ಸೇರು. ಕೆಲವರು ಒಂದೂವರೆ ಮುಡಿಯಷ್ಟು ಕೊಟ್ಟರು, ಕೆಲವರು ಅರ್ಧ. ಯಾರದ್ದು ಹೆಚ್ಚು, ಯಾರದ್ದು ಒಳ್ಳೆಯದು ಎಂಬ ಮಾತೇ ಬರಬಾರದೆಂದು ಅವಳು ಎಲ್ಲವನ್ನೂ ತನ್ನ ಅಂಗಳದ ಚಾಪೆಯ ಮೇಲೆ ಒಂದೇ ರಾಶಿ ಮಾಡಿದಳು. ತನ್ನ ಹೊಳೆಯುವ ಅಕ್ಕಿಯನ್ನೂ ಅದರಲ್ಲಿ ಚೆನ್ನಾಗಿ ಬೆರೆಸಿದಳು. ಲೋಕಯ್ಯ ಅದನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗ ಸುತ್ತಿ ಸುತ್ತಿ, ಉರುಟು ಮುಡಿ ಕಟ್ಟಿದ. ಅವನು ಕಟ್ಟಿದ ಮುಡಿಯನ್ನು ಎತ್ತಿ ನೆಲಕ್ಕೆ ಹಾಕಿದರೂ ಒಂದು ಕಾಳು ಹೊರಗೆ ಬರುತ್ತಿರಲಿಲ್ಲ. ಎಂಟು ಮುಡಿಗಳ ಗಾಡಿ ದಾರಿಯಲ್ಲಿ ಕುಲಶೇಖರದ ಏರು ಹತ್ತುವಾಗ ಬಾಗಿ ಗಾಡಿಯಲ್ಲಿ ಕೂರಲಿಲ್ಲ. ಎತ್ತುಗಳ ಮುಂದೆ ನಡೆದಳು.

ನಾಲ್ಕನೆಯ ದಿನ ಅವಳು ಬಸಳೆಯ ಬುಟ್ಟಿಯೊಂದಿಗೆ ಹೋದಾಗ ಗ್ಲ್ಯಾಡಿಸ್ ಬಾಯಿ ಜಗಲಿಗೇ ಬಂದು ಒಂದು ಮಡಕೆ ಇಟ್ಟರು.

"ಇದು ಎಂತ ಬಾಗಿ? ಗಂಜಿಯಾ, ಅನ್ನವಾ?"

ಮಡಕೆಯಲ್ಲಿ ಅನ್ನ ಕರಗಿ ಅಂಟಾಗಿತ್ತು. ಅದರ ನಡುವೆ ಅಲ್ಲಲ್ಲಿ ಬೇಯದ ಕಾಳು ಇದ್ದವು.

"ನೀರು ಸ್ವಲ್ಪ ಹೆಚ್ಚಾಯಿತೋ ಏನೋ ಬಾಯಮ್ಮ."

"ಅನ್ನ ಮಾಡುವುದು ನೀನು ನನಗೆ ಕಲಿಸುವುದಾ? ಗಟ್ಟಿ ಕಾಳು ಬೇಯಲಿ ಅಂತ ಬೆಂಕಿ ಹಾಕಿದರೆ ಉಳಿದದ್ದು ಗಂಜಿ ಆಗ್ತದೆ. ಬೇಗ ಇಳಿಸಿದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ನಿನ್ನೆ ಪೌಲ್ ತಟ್ಟೆ ದೂಡಿ ಎದ್ದು ಹೋದ. ಹತ್ತು ವರ್ಷದಲ್ಲಿ ಅವ ನನ್ನ ಊಟ ಬಿಟ್ಟವ ಅಲ್ಲ."

ಪೌಲ್ ಎಂದರೆ ಅಲ್ಲಿ ಉಣ್ಣುವವರಲ್ಲೆಲ್ಲ ಹಿರಿಯ, ಹಂಚು ಸುಡುವ ಗೂಡಿನ ಕೆಲಸದವನು. ಅವನು ಬಿಟ್ಟರೆ ಉಳಿದವರೂ ಬಿಡುತ್ತಾರೆ.

"ನೋಡು, ಎಂಟರಲ್ಲಿ ಯಾರದ್ದೋ ಒಂದು ಮನೆಯದ್ದು ಸರಿ ಇಲ್ಲ. ಆ ಮನೆಯನ್ನು ಬಿಟ್ಟುಬಿಡು. ರಂಗೂನು ಅಕ್ಕಿ ನನ್ನ ಹತ್ತಿರ ಇನ್ನು ಎರಡು ವಾರಕ್ಕೆ ಉಂಟು. ಅದು ಮುಗಿಯುವ ಮೊದಲು ಸರಿಯಾದ್ದು ತಾ. ಇಲ್ಲದಿದ್ದರೆ ನಾನು ಬಂದರಿಗೇ ಹೇಳಿ ಕಳಿಸ್ತೇನೆ."

ಏಳೂವರೆ ಮುಡಿ ಅಕ್ಕಿ ಬಂದ ದಾರಿಯಲ್ಲೇ ವಾಮಂಜೂರಿಗೆ ಮರಳಿತು.

ಎಂಟು ಮನೆಯವರೂ ಮುದ್ದಕ್ಕನ ಅಂಗಳದಲ್ಲಿ ಸೇರಿದರು. ಮುದ್ದಕ್ಕ ಅವರಲ್ಲೆಲ್ಲ ಹಿರಿಯಳು; ದೊಡ್ಡ ತಾಮ್ರದ ಕೊಪ್ಪರಿಗೆ ಇದ್ದದ್ದೂ ಅವಳ ಮನೆಯಲ್ಲೇ. ಪ್ರತಿಯೊಬ್ಬರೂ ತಪ್ಪು ತಮ್ಮದಲ್ಲ ಎಂದರು.

"ನಮ್ಮದಂತೂ ಅಲ್ಲ," ಎಂದ ಕೆಳಗಿನ ಮನೆಯ ಮಾಯಿಲಪ್ಪ. "ನನ್ನ ಹೆಂಡತಿ ಬೇಯಿಸಿದ್ದನ್ನು ನಲವತ್ತು ವರ್ಷದಿಂದ ಉಣ್ತಾ ಇದ್ದೇನೆ."

"ಅದಕ್ಕೇ ನಿನ್ನ ಬಾಯಲ್ಲಿ ಹಲ್ಲಿಲ್ಲದ್ದು," ಎಂದಳು ಮುದ್ದಕ್ಕ.

ಎಲ್ಲರೂ ನಕ್ಕರು, ಮತ್ತೆ ಜಗಳಕ್ಕೆ ನಿಂತರು. ಆಗ ಬಾಗಿ ಎದ್ದು, ಪ್ರತಿ ಮನೆಯಿಂದಲೂ ಅವರವರ ಅಕ್ಕಿ ಒಂದೊಂದು ಹಿಡಿ ತರಲು ಹೇಳಿದಳು. ಹಳೆಯ ಬಟ್ಟೆ ಹರಿದು ಎಂಟು ಚಿಕ್ಕ ಗಂಟು ಕಟ್ಟಿಸಿದಳು. ಒಬ್ಬರು ಬಾಳೆಯ ನಾರಿನಿಂದ ಕಟ್ಟಿದರು, ಒಬ್ಬರು ಹುಲ್ಲಿನಿಂದ. ಬಾಗಿ ತನ್ನ ಸೀರೆಯ ಹಸಿರು ಅಂಚಿನ ತುಂಡಿನಿಂದ ಕಟ್ಟಿದಳು. ಎಂಟನ್ನೂ ಒಂದೇ ಮಡಕೆಯ ಕುದಿಯುವ ನೀರಿಗೆ ಹಾಕಿ, ಒಟ್ಟಿಗೇ ತೆಗೆದರು.

ಬಾಳೆಯ ನಾರಿನದ್ದು ಸರಿಯಾಗಿ ಬೆಂದಿತ್ತು. ಹುಲ್ಲಿನದ್ದೂ ಬೆಂದಿತ್ತು. ಏಳು ಗಂಟು ಬಿಚ್ಚಿದಾಗಲೂ ಒಳಗೆ ಒಂದೇ ಹದದ ಅನ್ನ. ಹಸಿರು ಅಂಚಿನದ್ದನ್ನು ಬಾಗಿಯೇ ಬಿಚ್ಚಿದಳು. ಕಾಳು ಚೆಲುವಾಗಿತ್ತು, ಬೆರಳಲ್ಲಿ ಒತ್ತಿದರೆ ಮಾತ್ರ ನಡುವೆ ಗಟ್ಟಿ. ಎರಡು ಸಲ ಬೆಂದ ಭತ್ತದ ಅಕ್ಕಿಗೆ ಹೆಚ್ಚು ಹೊತ್ತಿನ ಬೆಂಕಿ ಬೇಕು. ತನ್ನ ಮನೆಯಲ್ಲಿ ತನ್ನ ಅಕ್ಕಿಯೊಂದನ್ನೇ ಬೇಯಿಸುತ್ತಿದ್ದವಳಿಗೆ ಅದು ಗೊತ್ತಾಗಲು ಕಾರಣವೇ ಇರಲಿಲ್ಲ.

ಅವಳು ಬಿಚ್ಚಿದ ಗಂಟನ್ನು ಎಲ್ಲರ ನಡುವೆ ಇಟ್ಟಳು. ಬಾಗಿಯೇ ಹೇಳಿದಳು, "ಒಂದು ಮನೆಯನ್ನು ಬಿಡಲಿಕ್ಕೆ ಬಾಯಮ್ಮ ಹೇಳಿದ್ದಾರೆ. ನಾನು ಬಿಡ್ತೇನೆ. ನೀವು ಏಳು ಮನೆಯವರು ಕೊಡಿ. ಅಣ್ಣ ಗಾಡಿ ಹೊಡೀತಾನೆ."

ಮುದ್ದಕ್ಕ ಆ ಕಾಳನ್ನು ಬಾಯಿಗೆ ಹಾಕಿ ಕಡಿದಳು. "ಹಂಚಿನ ಕಾರ್ಖಾನೆಯವರಿಗೆ ಹಂಚನ್ನೇ ತಿನ್ನಿಸಿದೆಯಲ್ಲ ಮಾರಾಯ್ತಿ!"

ಬಾಗಿಗೆ ನಗು ಬರಲಿಲ್ಲ. ಮುದ್ದಕ್ಕ ಅವಳತ್ತ ತಿರುಗಿದಳು.

"ಬಿಡುವುದು ಎಂತ? ಕಂಕನಾಡಿಗೆ ಮಾತಾಡಲಿಕ್ಕೆ ಯಾರು ಹೋಗುವುದು, ಈ ಮಾಯಿಲಪ್ಪನಾ? ಅಕ್ಕಿ ಯಾರೂ ತರುವುದು ಬೇಡ. ಭತ್ತ ತನ್ನಿ. ಎಲ್ಲರದ್ದೂ ನನ್ನ ಕೊಪ್ಪರಿಗೆಯಲ್ಲಿ ಒಟ್ಟಿಗೆ ಬೇಯಲಿ. ನಿನ್ನದೂ ತಾ ಬಾಗಿ. ಆದರೆ ಒಂದೇ ಸಲ ಬೇಯಿಸುವುದು, ಗೊತ್ತುಂಟಲ್ಲ?"

ಮರುದಿನದಿಂದ ಎಂಟು ಮನೆಯ ಭತ್ತ ಆ ಅಂಗಳಕ್ಕೆ ಬಂತು. ಬಾಗಿ ಒಲೆಯ ಮುಂದೆ ಕುಳಿತಳು. ಸಿಪ್ಪೆ ಒಡೆದು ಭತ್ತ ಬಾಯಿ ಬಿಟ್ಟಾಗ ಮುದ್ದಕ್ಕ "ಸಾಕು, ಬೆಂಕಿ ಎಳೆ" ಎನ್ನುತ್ತಿದ್ದಳು. ಮೊದಲ ದಿನ ಬಾಗಿಯ ಕೈ ಮತ್ತೊಂದು ಕೊಳ್ಳಿಗೆ ಹೋಯಿತು. ಮುದ್ದಕ್ಕ ಅವಳ ಕೈಗೆ ಮೆಲ್ಲಗೆ ಒಂದು ಏಟು ಹಾಕಿದಳು. ಎರಡನೆಯ ದಿನ ಬಾಗಿ ಹೇಳಿಸಿಕೊಳ್ಳದೆ ಬೆಂಕಿ ಎಳೆದಳು. ಗಂಡಸರು ಭತ್ತ ಹರವಿ ಒಣಗಿಸಿದರು. ಎಂಟು ಮನೆಯ ಹೆಂಗಸರು ಜೋಡಿ ಜೋಡಿಯಾಗಿ ನಿಂತು ಕುಟ್ಟಿದರು. ನುಚ್ಚು ಬಂತು. ಅದನ್ನು ಗೆರಸಿಯಲ್ಲಿ ಕೇರಿ ಬೇರೆ ಮಾಡುವ ಕೆಲಸವನ್ನು ಬಾಗಿ ತಾನೇ ವಹಿಸಿಕೊಂಡಳು. ಮರಳಿ ಬಂದಿದ್ದ ಹಳೆಯ ಅಕ್ಕಿಯನ್ನು ಆ ಎರಡು ವಾರ ಎಲ್ಲರೂ ಪಾಲು ಮಾಡಿ ಉಂಡರು, ಬೈಯುತ್ತ.

ಹದಿಮೂರನೆಯ ದಿನ ಬೆಳಿಗ್ಗೆ ಎಂಟು ಮುಡಿ ಕಂಕನಾಡಿಗೆ ಹೋಯಿತು. ಗ್ಲ್ಯಾಡಿಸ್ ಬಾಯಿ ಒಂದು ಮುಡಿ ಬಿಚ್ಚಿ ಅಲ್ಲೇ ಅನ್ನಕ್ಕಿಟ್ಟರು. ಬಾಗಿ ಮತ್ತು ಲೋಕಯ್ಯ ಜಗಲಿಯ ಕೆಳಗೆ ಕಾದರು. ಮಧ್ಯಾಹ್ನ ಕೆಲಸದವರು ಬಂದು ಸಾಲಾಗಿ ಕುಳಿತರು. ಪೌಲ್ ಮೊದಲ ತುತ್ತನ್ನು ಬೆರಳಲ್ಲಿ ಒತ್ತಿ ನೋಡಿದ, ಮತ್ತೆ ಬಾಯಿಗಿಟ್ಟ. ತಟ್ಟೆ ಖಾಲಿಯಾದ ಮೇಲೆ ತಲೆ ಎತ್ತದೆ ಅಂದ, "ಬಾಯಿ, ಇನ್ನೆರಡು ಸೌಟು ಹಾಕಿ."

ಎಲ್ಲರೂ ಎದ್ದು ಹೋದ ಮೇಲೆ ಗ್ಲ್ಯಾಡಿಸ್ ಬಾಯಿ ಜಗಲಿಗೆ ಬಂದರು. "ಯಾವ ಮನೆಯನ್ನು ಬಿಟ್ಟೆ?"

"ಯಾರನ್ನೂ ಬಿಡಲಿಲ್ಲ ಬಾಯಮ್ಮ. ಇದು ಎಂಟು ಮನೆಯದ್ದೇ."

"ಹಾಗಾದರೆ ತಪ್ಪು ಯಾರದ್ದು?"

ಲೋಕಯ್ಯ ತಂಗಿಯ ಮುಖ ನೋಡಿದ. ಅವಳು ಸುಮ್ಮನಿದ್ದರೂ ನಡೆಯುತ್ತಿತ್ತು.

"ನನ್ನದು," ಎಂದಳು ಬಾಗಿ. "ನನ್ನ ಭತ್ತ ಹೆಚ್ಚು ಬೆಂದಿತ್ತು. ಈಗ ಎಲ್ಲರದ್ದೂ ಒಂದೇ ಕೊಪ್ಪರಿಗೆಯಲ್ಲಿ ಬೇಯ್ತದೆ. ಇನ್ನು ಹಾಗೆ ಆಗುವುದಿಲ್ಲ."

"ತಿಂಗಳು ತಿಂಗಳು ಎಂಟು ಮುಡಿ," ಎಂದರು ಗ್ಲ್ಯಾಡಿಸ್ ಬಾಯಿ. "ತಪ್ಪಿಸಬೇಡ."

ಬಾಗಿ ತಪ್ಪಿಸಲಿಲ್ಲ. ಮುಂದೆ ಯುದ್ಧದ ಕಾಲದಲ್ಲಿ ರಂಗೂನಿನ ಹಡಗು ನಿಂತು ಪೇಟೆಯವರು ಅಕ್ಕಿಗಾಗಿ ಪರದಾಡಿದಾಗಲೂ ಆ ಊಟದ ಮನೆಯ ಒಲೆ ಒಂದು ದಿನವೂ ಆರಲಿಲ್ಲ. ಎಂಟು ಮನೆಯವರಲ್ಲಿ ಒಬ್ಬರೂ ಗದ್ದೆ ಬಿಟ್ಟುಕೊಡಲಿಲ್ಲ. ಎಂಟು ಮನೆ ಹನ್ನೊಂದಾಯಿತು, ಆಮೇಲೆ ಹದಿನಾಲ್ಕು. ಹೊಸದಾಗಿ ಸೇರಲು ಬಂದವರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು, ನಮ್ಮ ಮನೆಯಲ್ಲಿ ಬೇಯಿಸುವ ಹದವೇ ಬೇರೆ, ನಾವೇ ಅಕ್ಕಿ ಮಾಡಿ ತರ್ತೇವೆ ಎಂದು.

"ನಿಮ್ಮದು ಒಳ್ಳೆಯದೇ," ಎನ್ನುತ್ತಿದ್ದಳು ಬಾಗಿ. "ನನ್ನದೂ ಒಳ್ಳೆಯದೇ ಇತ್ತು. ಭತ್ತ ತನ್ನಿ."